ಗಿಡುಗ ಎಣಿಸುತ್ತಿದ್ದ ಕಾಕಾ

ಹೋದ ವಾರ ಕರೆಂಟಿನವರು ಬಂದು ನಮ್ಮ ಓಣಿಯ ಬೇವಿನ ಮರದ ಟೊಂಗೆಗಳನ್ನು ಕಡಿದು ಹಾಕಿದರು. ತಂತಿಗೆ ತಾಗುತ್ತಿದ್ದವಂತೆ. ಎಲೆಯೆಲ್ಲ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕು ಜಜ್ಜಿಹೋಗಿ, ಆ ಹಸಿ ಕಹಿ ವಾಸನೆ ನಡುಮನೆಯವರೆಗೂ ಬಂತು. ಪಾಡವಾದ ದಿನ ಬೇವು ತಿಂದೇ ವರ್ಷ ಶುರು ಮಾಡುವ ಜನ ನಾವು. ಉದಗೀರದಲ್ಲಿ ಯಾರೂ ಬೇವಿನ ವಾಸನೆಗೆ ಮೂಗು ಮುಚ್ಚುವುದಿಲ್ಲ. ನಾನು ಮಾತ್ರ ಎದ್ದು ಕಿಟಕಿ ಹಾಕಿದೆ. ‘ಇಷ್ಟು ಸೆಕಿ ಒಳಗ ಕಿಟಕಿ ಯಾಕ ಹಾಕ್ತಿ?’ ಎಂದು ಮನೆಯವರು ಕೇಳಿದರು.

ಆಲಿಕಲ್ಲು ಬಿದ್ದು ಮರದ ಎಲೆಯೆಲ್ಲ ಹರಿದು ನೆಲಕ್ಕೆ ಬಂದಾಗ ಇದೇ ವಾಸನೆ ಬರುತ್ತದೆ. ನಾನು ಅದನ್ನು ಒಂದೇ ಒಂದು ಸಲ ಮೂಸಿದ್ದೇನೆ, ನಿಲಂಗಾ ತಾಲೂಕಿನ ಒಂದು ಗುಡ್ಡದ ಮೇಲೆ. ಆ ದಿನ ನನ್ನ ಪಕ್ಕದಲ್ಲಿದ್ದವರು ಒಬ್ಬ ಕುರಿ ಕಾಯುವ ಹಿರಿಯರು. ನಾನು ಅವರಿಗೆ ಕಾಕಾ ಅನ್ನುತ್ತಿದ್ದೆ.

ಆಗ ನಾನು ಕಾಸಾರಶಿರಸಿಯಿಂದ ಆಚೆ ಒಂದು ಹಳ್ಳಿಯ ಶಾಲೆಯಲ್ಲಿ ಗಣಿತದ ಬಾಯಿ. ಈ ಕಡೆ ಕಲಿಸುವ ಹೆಂಗಸರಿಗೆ ಬಾಯಿ ಅನ್ನುತ್ತಾರೆ. ಮರಾಠಿ ಶಾಲೆ, ಮಕ್ಕಳದು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಜಗಳದಲ್ಲಿ ಎರಡೂ. ಊರ ಹಿಂದೆ ಒಂದು ಬೋಳು ಗುಡ್ಡ. ಅದು ಗಾಯರಾಣ, ಅಂದರೆ ಯಾರ ಹೆಸರಿಗೂ ಇಲ್ಲದ, ಎಲ್ಲರ ದನಕುರಿ ಮೇಯುವ ಸರಕಾರಿ ಜಾಗ. ಹೆಸರಿಗೆ ಎಲ್ಲರದು, ನಿಜವಾಗಿ ಅದರ ಮೇಲೆ ಬದುಕುತ್ತಿದ್ದದ್ದು ಕಾಕಾನ ಹಿಂಡು ಒಂದೇ. ಬೇರೆಯವರೆಲ್ಲ ದನ ಮಾರಿ ಮೋಟಾರ್‌ಸೈಕಲ್ ತಂದಿದ್ದರು.

ಒಂದು ದೀಪಾವಳಿಯ ನಂತರ ಆ ಗುಡ್ಡದ ಕಲ್ಲುಗಳ ಮೇಲೆ ಕೆಂಪು ಬಣ್ಣದ ಅಂಕಿಗಳು ಕಾಣಿಸಿಕೊಂಡವು. ಬಿಸಿಲಿನಿಂದ ಕರೆಂಟು ಮಾಡುವ ಕಂಪನಿಯೊಂದು ಗುಡ್ಡವನ್ನು ಕೇಳಿದೆ, ಸುತ್ತ ತಂತಿಬೇಲಿ ಬರುತ್ತದೆ ಎಂದು ಸುದ್ದಿ ಹಬ್ಬಿತು. ಅದೇ ಹೊತ್ತಿಗೆ ಅರಣ್ಯ ಖಾತೆಯ ಸಾಹೇಬರೊಬ್ಬರು ಶಾಲೆಗೆ ಬಂದರು. ಹೋಳಿಯಿಂದ ಪಾಡವಾದವರೆಗೆ ದಕ್ಷಿಣದಿಂದ ಗಿಡುಗಗಳು ಗುಂಪು ಗುಂಪಾಗಿ ಈ ಗುಡ್ಡದ ಹುಲ್ಲಿಗೆ ಬಂದಿಳಿದು, ಒಂದೆರಡು ದಿನ ತಂಗಿ, ಹಿಮಾಲಯದ ಆಚೆಗೆ ಹೋಗುತ್ತವಂತೆ. ಮರಾಠಿಯಲ್ಲಿ ಅವಕ್ಕೆ ಭೋವತ್ಯಾ ಎಂದು ಹೆಸರು. ‘ಮೂರು ವರ್ಷ ಬಿಡದೆ ಬಂದಾವ ಅಂತ ದಾಖಲೆ ಕೊಡ್ರಿ. ಆಮೇಲೆ ನಾನು ಈ ಗುಡ್ಡ ಮುಟ್ಟಬ್ಯಾಡ್ರಿ ಅಂತ ಬರೀತೀನಿ’ ಅಂದರು. ಒಂದು ವರ್ಷ ತಪ್ಪಿದರೂ ಅವರ ಕೈಲಿ ಏನೂ ಇಲ್ಲ. ನನ್ನ ಕೈಗೆ ಒಂದು ದುರ್ಬೀನು, ಒಂದು ರಿಜಿಸ್ಟರು ಕೊಟ್ಟು ಹೋದರು.

ನನ್ನ ಕಣ್ಣಿಗೆ ಆಗಲೇ ದಪ್ಪ ಚಷ್ಮಾ. ಆಕಾಶದಲ್ಲಿ ಎಲ್ಲವೂ ನನಗೆ ಕಾಗೆಯೇ. ಹಾಗಾಗಿ ಗಿಡುಗ ಎಣಿಸಿಕೊಡಿ ಎಂದು ಕಾಕಾನನ್ನು ಕೇಳಿದೆ. ಅರವತ್ತು ದಾಟಿದ ಆ ಕಣ್ಣಿಗೆ ಹರದಾರಿ ದೂರದ ಕುರಿಯ ಕಿವಿಯ ಸೀಳು ಕಾಣುತ್ತಿತ್ತು. ಅವರು ಒಪ್ಪಲಿಲ್ಲ.

‘ಜೀವ ಇದ್ದದ್ದು ಎಣಸಬಾರದ್ರಿ ಬಾಯಾರ. ಎಣಸಿದ್ದು ನಿಲ್ಲಂಗಿಲ್ಲ.’

‘ಮತ್ತ ನಿಮ್ಮ ಕುರಿ?’

‘ಒಂದ್ ಸಲಾನೂ ಎಣಸಿಲ್ರಿ. ಮಾರಿ ನೋಡಿ ಗುರ್ತು. ಯಾವದ ಬಂದಿಲ್ಲ ಅಂತ ಗೊತ್ತಾಗ್ತದ, ಎಷ್ಟ ಅದಾವ ಅಂತ ಗೊತ್ತಿಲ್ಲ.’

ನಾನು ನಕ್ಕೆ. ನಗದೆ ಏನು ಮಾಡಲಿ, ಬೆಳಗಿನಿಂದ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿ ಬಂದವಳು. ‘ಗುಡ್ಡಕ್ಕ ಬೇಲಿ ಬಿದ್ರ ಕುರಿ ಎಲ್ಲಿ ಮೇಸ್ತೀರಿ? ರಸ್ತಾದ ಮ್ಯಾಲೆ?’ ಎಂದು ಚುಚ್ಚಿದೆ. ಅವರ ಮುಖ ಬಾಡಿತು. ಗುಡ್ಡ ಹೋದರೆ ಹಿಂಡು ಹೋದಂತೆ, ಹಿಂಡು ಹೋದರೆ ಅವರು ಯಾರೂ ಅಲ್ಲ. ಇದನ್ನು ನಾನು ಹೇಳಿಕೊಡಬೇಕಾಗಿರಲಿಲ್ಲ. ಬುಡದಲ್ಲಿದ್ದ ಬೀರಪ್ಪನ ಗುಡಿಗೆ ಹೋಗಿ, ಹಣೆಗೆ ಭಂಡಾರ ಹಚ್ಚಿಕೊಂಡು ಬಂದು, ‘ನಡೀರಿ’ ಅಂದರು.

ಬೇಸಿಗೆಯಲ್ಲಿ ಬೆಳಗಿನ ಶಾಲೆ. ಊಟ ಮುಗಿಸಿ ಮೂರು ಗಂಟೆಗೆ ನಾನು ಗುಡ್ಡ ಹತ್ತುತ್ತಿದ್ದೆ. ತುದಿಯಲ್ಲಿ ಎರಡಾಳು ಎತ್ತರದ ಒಂದು ಬಂಡೆ. ಅದರ ದಕ್ಷಿಣದ ಮಗ್ಗುಲಲ್ಲಿ, ಬಂಡೆಯ ಹೊಟ್ಟೆ ಸ್ವಲ್ಪ ಮುಂದೆ ಚಾಚಿದ್ದ ಕಡೆ, ಗಾಳಿಗೆ ಮರೆಯಾಗಿ ನಾನು ರಿಜಿಸ್ಟರು ಹಿಡಿದು ಕೂರುವುದು. ಬಂಡೆಯ ಮೇಲೆ ನಿಂತು ಕಾಕಾ ಕೂಗುವುದು. ಹಿಂಡು ಹಿಂದೆ ಉತ್ತರದ ಇಳುಕಲಿನಲ್ಲಿ ಮೇಯುತ್ತಿತ್ತು, ಕಾಯಲು ಒಂದು ಕಪ್ಪು ನಾಯಿ. ಹಕ್ಕಿಯ ಕಡೆ ಕಾಕಾ ಬೆರಳು ತೋರಿಸುತ್ತಿರಲಿಲ್ಲ. ಬೆರಳು ಮಡಚಿ ಗೆಣ್ಣು ತೋರಿಸುತ್ತಿದ್ದರು.

ಅವರ ಎಣಿಕೆಯೂ ಬೇರೆ. ರಾಶಿ ಮಾಡುವಾಗ ಜೋಳ ಅಳೆದ ಹಾಗೆ ಗಿಡುಗ ಅಳೆಯುತ್ತಿದ್ದರು. ಒಂದು ಅನ್ನುವುದಿಲ್ಲ, ‘ಲಾಭ’. ಆಮೇಲೆ ಎರಡ, ಮೂರ, ನಾಕ, ಐದ, ಆರ. ಆರರ ನಂತರ ‘ಹೆಚ್ಗಿ’. ಏಳು ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ರಾಶಿಯ ಮುಂದೆ ಕೂತು ‘ಏಳು’ ಅಂದರೆ, ರಾಶಿಯ ಮೇಲೆ ಕೂತ ಲಕ್ಷ್ಮಿ ತನಗೇ ಹೇಳಿದರು ಅಂದುಕೊಂಡು ಎದ್ದು ಹೋಗುತ್ತಾಳೆ ಎಂದು ಹಿರಿಯರ ನಂಬಿಕೆ. ಹಕ್ಕಿಯೂ ಎದ್ದು ಹೋದೀತು ಎಂದು ಕಾಕಾನ ಹೆದರಿಕೆ. ಹೀಗಾಗಿ ಅವರು ಹೆಚ್ಗಿ ಅಂದಾಗ ನಾನು ರಿಜಿಸ್ಟರಿನಲ್ಲಿ ಮರಾಠಿಯ ಸಾತ್ ಬರೆದುಕೊಳ್ಳಬೇಕು.

‘ಮರಾಠಿಯಾಗ ಎಣಸ್ರಿ ಕಾಕಾ. ಸಾತ್ ಅಂದ್ರ ಯಾರೂ ಏಳಂಗಿಲ್ಲ’ ಎಂದು ನಾನು ಛೇಡಿಸುತ್ತಿದ್ದೆ.

‘ಮರಾಠಿ ಕಚೇರಿಗಿ ಛಲೋ ಅದರಿ. ದೇವ್ರಿಗಿ, ಕುರಿಗಿ, ಗಿಡಗಕ್ಕ ಕನ್ನಡೇ ತಿಳೀತದ’ ಅನ್ನುತ್ತಿದ್ದರು.

ಮೊದಲ ವರ್ಷ ಎರಡು ಪುಟ ತುಂಬಿದವು. ಇಳಿಹೊತ್ತಿಗೆ ಗಿಡುಗಗಳು ಹುಲ್ಲಿಗೆ ತಾಗುವಷ್ಟು ಕೆಳಗೆ ತೇಲಿ ಬಂದು ಒಂದೊಂದೇ ಮಾಯವಾಗುವುದನ್ನು ನೋಡುವಾಗ, ಚಷ್ಮಾ ಒರೆಸಿ ಒರೆಸಿ ನೋಡಿದ್ದೇನೆ. ನನಗೂ ಆ ಗುಡ್ಡದ ರುಚಿ ಹತ್ತಿತು. ಶಾಲೆಯಲ್ಲಿ ಕೂತಾಗಲೂ ಮಧ್ಯಾಹ್ನ ಮೂರು ಯಾವಾಗ ಆದೀತು ಎಂದು ಕಾಯುವ ಹಾಗಾಯಿತು.

ಎರಡನೇ ವರ್ಷ ಅರ್ಧ ಪುಟವೂ ಆಗಲಿಲ್ಲ. ಕೆಳಗೆ ಔಷಧ ಹೊಡೆದ ಕಡಲೆ ಹೊಲದ ಬದುವಿನಲ್ಲಿ ಒಂದು ಗಿಡುಗ ರೆಕ್ಕೆ ಚಾಚಿ ಸತ್ತು ಬಿದ್ದಿತ್ತು. ಬಾಯಲ್ಲಿ ಇನ್ನೂ ಮಿಡತೆಯ ಕಾಲಿತ್ತು. ಕಾಕಾ ಅದನ್ನು ಮಣ್ಣು ಮಾಡಿ ಬಂದು ಬಂಡೆ ಹತ್ತದೆ ನನ್ನ ಪಕ್ಕ ಕೂತರು. ಆ ವರ್ಷ ಅವರ ಹಿಂಡಿನಲ್ಲೂ ಮರಿಗಳು ಉಳಿಯಲಿಲ್ಲ. ‘ಎಣಸಿದ್ದು ಕಮ್ಮಿ ಆಗ್ಲಿಕತ್ತದ್ರಿ’ ಅಂದರು. ನಾನು ಹವಾಮಾನ, ಔಷಧ, ಮಿಡತೆ ಎಂದೆಲ್ಲ ಬುದ್ಧಿ ಹೇಳಿದೆ. ಅವರು ಕೇಳಿಸಿಕೊಂಡರು. ಎದುರಿನ ಕಲ್ಲಿನ ಮೇಲಿದ್ದ ಕೆಂಪು ಅಂಕಿಯನ್ನು ಗೆಣ್ಣಿನಿಂದ ತೋರಿಸಿ, ‘ಗುಡ್ಡಕ್ಕೂ ಎಣಸ್ಯಾರ, ನೋಡ್ರಿ’ ಅಂದರು. ನನಗೆ ನಗು ಬರಬೇಕಿತ್ತು. ಯಾಕೋ ಬರಲಿಲ್ಲ.

ಮೂರನೇ ವರ್ಷ... ಮೂರನೇ ವರ್ಷ ಒಂದೂ ಬರಲಿಲ್ಲ.

ಹೋಳಿ ಆಯಿತು. ರಂಗಪಂಚಮಿಯೂ ಕಳೆಯಿತು. ದಿನಾ ಮೂರಕ್ಕೆ ಹತ್ತುವುದು, ಸೂರ್ಯ ಮುಳುಗಿದ ಮೇಲೆ ಇಳಿಯುವುದು. ರಿಜಿಸ್ಟರಿನಲ್ಲಿ ತಾರೀಖು, ಪಕ್ಕದಲ್ಲಿ ಸೊನ್ನೆ. ಆಕಾಶ ಒರೆಸಿಟ್ಟ ತಾಟಿನ ಹಾಗೆ ಖಾಲಿ. ಊರಿನಲ್ಲಿ ತಂತಿಯ ಸುರುಳಿಗಳು ಬಂದು ಬಿದ್ದಿದ್ದವು. ಕಾಕಾ ಬಂಡೆಯ ಮೇಲೆ ನಿಂತು ಮೊದಲಿನ ಹಾಗೆ ಮಾತಾಡುತ್ತಿರಲಿಲ್ಲ. ಒಮ್ಮೊಮ್ಮೆ ಹಿಂಡಿನ ಕಡೆ ತಿರುಗಿ ಒಂದೊಂದೇ ಹೆಸರು ಕರೆದು ನೋಡುತ್ತಿದ್ದರು, ಎಲ್ಲವೂ ಇವೆಯೋ ಇಲ್ಲವೋ ಎಂದು. ನಾನು ಒಳಗೊಳಗೇ ಹರಕೆ ಹೊತ್ತೆ. ದೇವರ ಮುಂದೆ ಕೈ ಮುಗಿಯಲು ಬೇಸರ ಪಡುವ ನಾನು, ‘ಬೀರಪ್ಪಾ, ಒಂದೇ ಒಂದು ಅಂಕಿ ಕೊಡು’ ಅಂದೆ.

ಮರುದಿನ ಸಾಹೇಬರು ರಿಜಿಸ್ಟರು ಒಯ್ಯಲು ಬರುವವರಿದ್ದರು. ಎಣಿಕೆಗೆ ಅಂದೇ ಕೊನೆಯ ದಿನ. ಸೆಕೆ ಅಂದರೆ ಸೆಕೆ, ಎಲೆ ಅಲ್ಲಾಡದು. ನನ್ನ ಮುಂದೆ ದಕ್ಷಿಣದಲ್ಲಿ ಹಳದಿ ಬಿಸಿಲು. ಹಿಂದೆ ಏನಿದೆ ಎಂದು ಬಂಡೆಯ ಮರೆಯಲ್ಲಿದ್ದ ನನಗೆ ಕಾಣುತ್ತಿರಲಿಲ್ಲ. ಒಂದೆರಡು ಸಲ ದೂರದಲ್ಲಿ ಗುಡುಗಿದ್ದು ಕೇಳಿತು. ದೇವಣಿ ಕಡೆ ಮಳೆ ಇರಬೇಕು ಅಂದುಕೊಂಡೆ. ಕಾಕಾ ಬಂಡೆಯಿಂದ ಇಳಿದು ಹಿಂಡಿನ ಕಡೆ ಓಡಿದ ಸಪ್ಪಳ ಕೇಳಿತು. ಆಮೇಲೆ ಗಾಳಿ ಎದ್ದಿತು. ಆ ಗಾಳಿಯಲ್ಲಿ ಉತ್ತರದ ಇಳುಕಲಿನಿಂದ ಅವರ ಕೂಗು ಬಂತು.

‘ಏಳು! ಏಳು!’

ನಾನು ಬರೆದೆ.

ತಾರೀಖಿನ ಪಕ್ಕ ದೊಡ್ಡದಾಗಿ ಮರಾಠಿಯ ಸಾತ್ ಬರೆದೆ. ಬಂದವಲ್ಲ, ಕೊನೆಗೂ ಬಂದವಲ್ಲ! ದುರ್ಬೀನು ಕಣ್ಣಿಗೆ ಹಚ್ಚಿ ದಕ್ಷಿಣದ ಆಕಾಶವನ್ನೆಲ್ಲ ಜಾಲಾಡಿದೆ. ಎರಡು ವರ್ಷ ಹೆಚ್ಗಿ ಹೆಚ್ಗಿ ಎಂದು ಕೇಳಿದವಳಿಗೆ, ಈ ಮನುಷ್ಯ ಏಳು ಎಂದು ಎಣಿಸುವವನಲ್ಲ ಎಂದು ನೆನಪಾಗಲಿಲ್ಲ. ನನ್ನೊಡನೆ ಅವರು ‘ರೀ’ ಹಚ್ಚದೆ ಒಂದು ಮಾತೂ ಆಡಿದವರಲ್ಲ. ಎದ್ದು ಬನ್ನಿ ಎಂದು ಕರೆಯಬೇಕಾದರೆ ‘ಏಳ್ರಿ’ ಅನ್ನಬೇಕಿತ್ತು. ಆ ‘ರಿ’ಯನ್ನು ಗಾಳಿ ಒಯ್ಯಿತೋ, ಜೀವದ ಅವಸರದಲ್ಲಿ ಅವರೇ ಬಿಟ್ಟರೋ... ನನಗೆ ಬೇಕಾದದ್ದು ಅಂಕಿ. ಕಿವಿ ಬೇಕಾದದ್ದನ್ನೇ ಕೇಳಿತು.

ನಾನು ಬಂಡೆ ಸುತ್ತಿ ಇಳಿದು ಬರುತ್ತೇನೆ ಎಂದು ಕಾಕಾ ಅಲ್ಲಿ ನೋಡುತ್ತ ನಿಂತಿದ್ದಾರೆ. ಬುಡದ ಬೀರಪ್ಪನ ಗುಡಿಗೆ ಕಲ್ಲುಚಾವಣಿಯ ಪೌಳಿ ಇತ್ತು. ಹಿಂಡನ್ನು ಅಟ್ಟಿಕೊಂಡು ಓಡಿದ್ದರೆ ಹತ್ತು ನಿಮಿಷದ ದಾರಿ. ಅವರು ನಾಯಿಗೆ ಹಿಂಡು ಬಿಟ್ಟು ನನಗಾಗಿ ಮತ್ತೆ ಗುಡ್ಡ ಹತ್ತಿದರು.

ಬೆಳಕು ಒಮ್ಮೆಲೆ ಹೋಯಿತು. ನನ್ನ ಕಾಲ ಹತ್ತಿರ ಏನೋ ಬಿದ್ದು ಪುಟಿಯಿತು, ನಿಂಬೆಕಾಯಿ ಗಾತ್ರದ ಬಿಳಿ ಕಲ್ಲು. ಎರಡನೆಯದು ದುರ್ಬೀನಿಗೆ ಬಡಿಯಿತು. ಅಷ್ಟರಲ್ಲಿ ಕಾಕಾ ಬಂದು ನನ್ನ ರಟ್ಟೆ ಹಿಡಿದು ಬಂಡೆಯ ಹೊಟ್ಟೆಗೆ ಒತ್ತಿ, ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ತಲೆಯ ಮೇಲೆ ಹಾಕಿದರು. ಜಾಗ ಒಬ್ಬರಿಗೆ ಸಾಕಾಗುವಷ್ಟು. ಅವರ ಬೆನ್ನು ಹೊರಗೇ ಉಳಿಯಿತು.

‘ಏಳ ಅಂದ್ನೆಲ್ರಿ ಬಾಯಾರ! ಕೇಳಸಲಿಲ್ಲೇನ್ರಿ?’

‘ಬರ್ಕೊಂಡೀನಿ ಕಾಕಾ’ ಅಂದೆ ನಾನು. ‘ಏಳು ಬರ್ದೀನಿ. ಎಲ್ಲಿ ಅವು?’

ಅವರು ನನ್ನ ಮುಖ ನೋಡಿದರು. ಕಂಬಳಿಯ ಕತ್ತಲಲ್ಲಿ ಅವರ ಕಣ್ಣು ಮಾತ್ರ ಕಾಣುತ್ತಿತ್ತು. ಅವರಿಗೆ ನಿಧಾನಕ್ಕೆ ತಿಳಿಯಿತು. ಅವರಿಗೆ ತಿಳಿದದ್ದು ನೋಡಿ ನನಗೂ ತಿಳಿಯಿತು. ಒಂದು ಬೈಗುಳ ಬೈದಿದ್ದರೆ ಇಷ್ಟು ವರ್ಷ ನನಗೆ ಇಷ್ಟು ಭಾರ ಆಗುತ್ತಿರಲಿಲ್ಲ. ಕೆಳಗೆ ನಾಯಿ ಬೊಗಳುವುದು ಕೇಳುತ್ತಿತ್ತು. ಕುರಿಗಳ ಕೂಗೂ ಕೇಳುತ್ತಿತ್ತು. ಆಮೇಲೆ ಕಲ್ಲಿನ ಸದ್ದಿನಲ್ಲಿ ನಾಯಿಯ ಸದ್ದು ನಿಂತಿತು, ಕಾಕಾ ನನ್ನ ಭುಜ ಹಿಡಿದಿದ್ದ ಕೈ ಒಮ್ಮೆ ಬಿಗಿಯಾಗಿ ಸಡಿಲಾಯಿತು.

ಎಷ್ಟು ಹೊತ್ತು ಬಿತ್ತೋ. ನಿಂತ ಮೇಲೆ ಹೊರಗೆ ಬಂದರೆ ನೆಲವೆಲ್ಲ ಬಿಳಿ, ಹಲ್ಲು ಕಟಕಟಿಸುವ ಚಳಿ. ಗುಡಿಯ ಬೇವಿನ ಮರದಲ್ಲಿ ಒಂದೂ ಎಲೆ ಇಲ್ಲ. ಆ ಹಸಿ ವಾಸನೆ ಇಡೀ ಇಳುಕಲಿನ ಮೇಲೆ ಹರಡಿತ್ತು. ಕಾಕಾನ ರುಮಾಲು ನೆತ್ತರಲ್ಲಿ ನೆನೆದಿತ್ತು. ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ಹುದುಗಿಸಿ, ಗುಂಪಾಗಿ, ಹಾಗೆಯೇ ಬಿದ್ದಿದ್ದವು.

ಮರುದಿನ ಊರಿನ ಕಂದಾಯ ನೋಡುವ ತಲಾಠಿ ಹಾನಿಯ ಪಂಚನಾಮೆಗೆ ಬಂದ. ‘ಕಿತಿ ಮೆಂಢ್ಯಾ ಹೋತ್ಯಾ?’ ಎಂದು ಕೇಳಿದ, ಎಷ್ಟು ಕುರಿ ಇದ್ದವು ಎಂದು. ಕಾಕಾ ತಲೆಗೆ ಬಟ್ಟೆ ಸುತ್ತಿಕೊಂಡು ಕಲ್ಲಿನ ಮೇಲೆ ಕೂತಿದ್ದರು. ‘ಗೊತ್ತಿಲ್ರಿ ಸಾಹೇಬ.’ ಹುಟ್ಟಿದಾಗಿನಿಂದ ಕುರಿ ಕಾಯುವವನಿಗೆ ತನ್ನ ಕುರಿಯ ಲೆಕ್ಕ ಗೊತ್ತಿಲ್ಲವೇ ಎಂದು ಅವನು ಸಿಡುಕಿದ. ಸತ್ತವನ್ನಾದರೂ ಎಣಿಸಿ ಹೇಳು ಅಂದ. ಕಾಕಾ ನನ್ನ ಕಡೆ ತಿರುಗಿದರು.

‘ನೀವೇ ಎಣಸ್ರಿ ಬಾಯಾರ. ಸತ್ತವಕ್ಕ ದಿಟ್ಟಿ ತಾಕಂಗಿಲ್ಲ.’

ಎಣಿಸಿದೆ. ಕನ್ನಡದಲ್ಲಿ ಎಣಿಸುವ ಧೈರ್ಯ ಆಗಲಿಲ್ಲ, ಮರಾಠಿಯಲ್ಲಿ ಎಣಿಸಿದೆ. ಏಕ್, ದೋನ್, ತೀನ್. ಒಂದೊಂದರ ಮುಂದೆ ನಿಂತಾಗಲೂ ಕಾಕಾ ಹಿಂದಿನಿಂದ ಅದರ ಹೆಸರು ಹೇಳುತ್ತಿದ್ದರು, ತಮಗಷ್ಟೇ ಕೇಳುವ ಹಾಗೆ. ಸಾತ್ ಅಂದೆ. ಯಾವುದೂ ಏಳಲಿಲ್ಲ. ಕೊನೆಯ ಅಂಕಿ ಎಷ್ಟು ಎಂದು ನಾನು ಇಲ್ಲಿ ಬರೆಯುವುದಿಲ್ಲ.

ಅದೇ ಸಂಜೆ ಅರಣ್ಯದ ಸಾಹೇಬರು ಬಂದರು. ನೆನೆದು ಉಬ್ಬಿದ ರಿಜಿಸ್ಟರು ತೆರೆದು, ಸೊನ್ನೆಗಳ ಕೊನೆಯಲ್ಲಿ ಬೆರಳಿಟ್ಟು, ‘ಸಾತ್?’ ಎಂದು ನನ್ನ ಕಡೆ ನೋಡಿದರು. ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಮಕ್ಕಳು ಒಂದು ಅಂಕಿ ಕದ್ದರೆ ಬೆರಳ ಗೆಣ್ಣಿಗೆ ಪಟ್ಟಿಯಿಂದ ಹೊಡೆಯುತ್ತಿದ್ದವಳು ನಾನು. ಕುರಿ ಹೋದವು, ಗುಡ್ಡವಾದರೂ ಕಾಕಾನಿಗೆ ಉಳಿಯಲಿ ಅನ್ನಿಸಿತು. ‘ಹೂಂ’ ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಗುಡ್ಡ ಉಳಿಯಿತು. ತಂತಿಯ ಸುರುಳಿಗಳು ಲಾರಿ ಹತ್ತಿ ಬೇರೆಲ್ಲಿಗೋ ಹೋದವು. ಉಳಿದ ನಾಲ್ಕಾರು ಕುರಿಗಳನ್ನು ಕಾಕಾ ಹೆಂಡತಿಯ ತಮ್ಮನಿಗೆ ಒಪ್ಪಿಸಿ, ಜಳಕೋಟದ ಹತ್ತಿರ ಮಗಳ ಊರಿಗೆ ಹೋಗಿಬಿಟ್ಟರು. ಯಾರಿಗಾಗಿ ಸುಳ್ಳು ಹೇಳಿದೆನೋ ಅವರು ಮತ್ತೆ ಆ ಗುಡ್ಡ ಹತ್ತಲಿಲ್ಲ.

ಒಮ್ಮೆ ನೋಡಲು ಹೋಗಿದ್ದೆ. ಕಟ್ಟೆಯ ಮೇಲೆ ಕೂತಿದ್ದರು. ಕೈಯಲ್ಲಿ ಕೋಲು ಇರಲಿಲ್ಲ. ಕೋಲಿಲ್ಲದ ಆ ಕೈಯನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಮಗಳು ಚಹಾ ತಂದುಕೊಟ್ಟಳು.

‘ಗುಡ್ಡ ಅದಲ್ರಿ?’

‘ಅದ ಕಾಕಾ.’

‘ಗಿಡಗ?’

‘ಹೋದ ವರ್ಷ ಬಂದಿದ್ವು. ನಾ ಎಣಸಿಲ್ಲ.’

‘ಛಲೋ ಆತ್ರಿ’ ಅಂದರು.

‘ಅವತ್ತ ನಾ ಎದ್ದಿದ್ರ...’ ಎಂದು ಶುರು ಮಾಡಿದೆ. ಅವರು, ‘ಚಾ ಆರತದ, ಕುಡೀರಿ’ ಅಂದರು. ನಾನು ಕುಡಿದೆ. ಕ್ಷಮಿಸಿ ಎಂಬ ಮಾತು ನಮ್ಮ ಕಡೆ ಹಿರಿಯರಿಗೆ ಹೇಳುವ ರೂಢಿ ಇಲ್ಲ. ಕಾಲು ಮುಟ್ಟಿ ಎದ್ದು ಬಂದೆ. ಮುಂದಿನ ಶ್ರಾವಣದಲ್ಲಿ ಕಾಕಾ ತೀರಿಕೊಂಡರಂತೆ. ನನಗೆ ತಿಳಿದದ್ದು ಎರಡು ತಿಂಗಳ ಮೇಲೆ, ಕಾಸಾರಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಮಾತಿಗೆ ಮಾತು ಬಂದು ಹೇಳಿದಾಗ. ಬಸ್ಸು ಬಂತು. ಹತ್ತಲಿಲ್ಲ ನಾನು, ಅಲ್ಲೇ ಕೂತು ಅತ್ತೆ.

ಮೊನ್ನೆ ಉಮರ್ಗಾದಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಕಾಲೇಜಿನಲ್ಲಿ ಹಕ್ಕಿಗಳ ಮೇಲೆ ಅಭ್ಯಾಸ ಮಾಡುತ್ತಿದ್ದಾಳೆ, ಹಳೆಯ ರಿಜಿಸ್ಟರು ಅವಳ ಕೈಗೆ ಬಂದಿದೆ. ಆ ಗುಡ್ಡವನ್ನು ಮತ್ತೆ ಯಾರೋ ಕೇಳಿದ್ದಾರಂತೆ, ಹಳೆಯ ದಾಖಲೆಗಳನ್ನೆಲ್ಲ ತಿರುಗಿ ನೋಡುತ್ತಿದ್ದಾರಂತೆ. ‘ಮೂರನೇ ವರ್ಷ ಒಂದೇ ದಿನ ಏಳು ಅಂತ ಅದರಿ ಬಾಯಿ. ಅವತ್ತು ಆಲಿಕಲ್ಲು ಬಿದ್ದ ದಿನ. ಅಂಥಾ ಹವೆಯಾಗ ಅವು ಹಾರಂಗಿಲ್ಲ. ಎಣಸಿದವರ ಹೆಸರು ಕೆಳಗ ಬರ್ದೀರಿ. ಕುರಿ ಕಾಯಾವ್ರು ಅಂತಲ್ರಿ, ಅವರಿಗೆ ಲೆಕ್ಕ ಬರ್ತಿರಲಿಲ್ಲೇನೋ?’ ಅಂದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವಳಿಗೆ ತನ್ನ ಅಂಕಿ ಸರಿಯಾಗಬೇಕು, ಒಂದು ಕಾಲಕ್ಕೆ ನನಗಿದ್ದ ಹಾಗೆ. ನೋಡಿ ಹೇಳುತ್ತೇನೆ ಎಂದು ಫೋನ್ ಇಟ್ಟೆ.

ನಿಜ ಹೇಳಿದರೆ ಗುಡ್ಡ ಹೋದೀತು. ಹೇಳದಿದ್ದರೆ ಆ ತಪ್ಪು ಕಾಕಾನ ಹೆಸರಿನ ಮುಂದೆ ಹಾಗೇ ಇರುತ್ತದೆ. ಎರಡು ದಿನ ನನಗೆ ಊಟ ಸೇರಲಿಲ್ಲ. ಇವತ್ತು ಬೆಳಿಗ್ಗೆ ಅವಳಿಗೆ ಫೋನ್ ಹಚ್ಚಿ, ಆ ಸಾಲು ಹೊಡೆದು ಹಾಕು ಎಂದು ಹೇಳಿದೆ. ಕಾಕಾನ ಲೆಕ್ಕ ಮೂರು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ ಎಂದೂ ಹೇಳಿದೆ. ಆ ದಿನ ಅವರು ಹಕ್ಕಿ ಎಣಿಸುತ್ತಿರಲಿಲ್ಲ ಮಗಳೇ, ನನ್ನನ್ನು ಎಬ್ಬಿಸುತ್ತಿದ್ದರು.